ಸಭೆ ಕರೆಯುವ ಮೊದಲು ಓಣಿ ಓಣಿ ತಿರುಗಿ: ಓದುಗರ ಪ್ರಶ್ನೆ, ಅಕ್ಕನ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಊರಲ್ಲಿ ಒಂದು ಕಠಿಣ ಸಮಸ್ಯೆ ಇದೆ. ಎಲ್ಲರಿಗೂ ಗೊತ್ತಿದೆ. ಆದರೆ ಕೂತು ಮಾತಾಡಲು ಆಗುತ್ತಿಲ್ಲ. ಕೂತರೆ ಜಗಳ, ಕೂರದಿದ್ದರೆ ಒಳಗೊಳಗೇ ಕುದಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಬರೆದಿದ್ದೀರಿ. ನಾನು ಬಾದಾಮಿ ತಾಲೂಕಿನವಳು, ಅಂಗನವಾಡಿ ಮೇಲ್ವಿಚಾರಕಿಯಾಗಿ ದುಡಿದು ನಿವೃತ್ತಳಾದವಳು. ಆ ಕೆಲಸದಲ್ಲಿ ಊರ ಸಭೆಗಳಲ್ಲಿ ಕೂತೂ ಕೂತೂ ಕಲಿತದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಹೆಚ್ಚು. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಅಕ್ಕಾರೇ, ನಮ್ಮದು ಹುನಗುಂದ ಕಡೆ, ಮಲಪ್ರಭಾ ದಂಡೆಯ ಊರು. 2009ರಲ್ಲಿ ಹೊಳೆ ಬಂದ ಮೇಲೆ ಎತ್ತರದ ಜಾಗದಲ್ಲಿ ಆಸರೆ ಮನೆ ಕಟ್ಟಿಕೊಟ್ಟರು. ಅರ್ಧ ಊರು ಅಲ್ಲಿಗೆ ಹೋಯಿತು, ಅರ್ಧ ಊರು ಇಲ್ಲೇ ಉಳಿಯಿತು. 2019ರಲ್ಲಿ ಮತ್ತೆ ನೀರು ಹೊಕ್ಕಿತು. ಪೂರ್ತಿ ಊರು ಎತ್ತಬೇಕು ಎನ್ನುವವರು ಒಂದು ಕಡೆ, ಇಲ್ಲಿಂದ ಕಾಲು ತೆಗೆಯಲ್ಲ ಎನ್ನುವವರು ಇನ್ನೊಂದು ಕಡೆ. ಪಂಚಾಯಿತಿಗೆ ನಾನು ಹೊಸ ಸದಸ್ಯ. ಸಭೆ ಕರೆದು 'ಊರು ಎತ್ತಬೇಕಾ ಬೇಡ್ವಾ' ಅಂತ ಕೇಳಿದೆ. ಹೊಡೆದಾಟದ ತನಕ ಹೋಯಿತು. ಇವರನ್ನು ಹೇಗೆ ಕೂಡಿಸಲಿ?

ಉತ್ತರ: ತಮ್ಮಾ, 'ಎತ್ತಬೇಕಾ ಬೇಡ್ವಾ' ಅಂತ ಕೇಳಿದ ಕೂಡಲೇ ಜನ ಎರಡು ಪಾರ್ಟಿ ಆಗುತ್ತಾರೆ. ಆಮೇಲೆ ಎದುರಿನವರ ಮಾತಿಗೆ ಯಾರೂ ಕಿವಿ ಕೊಡುವುದಿಲ್ಲ. ತನ್ನ ಪಾರ್ಟಿ ಸೋಲಬಾರದು, ಅಷ್ಟೇ. ಆ ಪ್ರಶ್ನೆಯನ್ನು ಸದ್ಯಕ್ಕೆ ಬಿಡಿ. ಸಭೆಯನ್ನೂ ಸದ್ಯಕ್ಕೆ ಬಿಡಿ.

ಮೊದಲು ಒಂದು ವಹಿ ಹಿಡಿದು ಮನೆ ಮನೆಗೆ ಹೋಗಿ. ಒಬ್ಬರೇ ಹೋಗಬೇಡಿ. ನಿಮ್ಮ ವಿರುದ್ಧ ನಿಂತ ಕಡೆಯ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಒಬ್ಬ ಹೆಣ್ಣುಮಗಳೂ ಇರಲಿ. ಹೊಸ ಊರಿಗೆ ಹೋದವರನ್ನೂ ಕೇಳಿ, ಉಳಿದವರನ್ನೂ ಕೇಳಿ. 2009ರಲ್ಲಿ ನಿಮ್ಮ ಮನೆಯಲ್ಲಿ ನೀರು ಎಲ್ಲಿತನಕ ಏರಿತ್ತು? 2019ರಲ್ಲಿ? ದನಕರ ಎಲ್ಲಿ ಕಟ್ಟಿದಿರಿ? ಕಾಳುಕಡಿ ಏನಾಯಿತು? ಹಕ್ಕುಪತ್ರ ಕೈಯಲ್ಲಿ ಇದೆಯಾ? ಆಗ ಒಂದೇ ಒಲೆ ಇದ್ದ ಮನೆಯಲ್ಲಿ ಈಗ ಎಷ್ಟು ಒಲೆ?

ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. 2009ರಲ್ಲಿ ಶಾಲೆಗೆ ಹೋಗುತ್ತಿದ್ದ ಹುಡುಗರು ಈಗ ಹೆಂಡತಿ ಮಕ್ಕಳೊಂದಿಗೆ ಬೇರೆ ಒಲೆ ಹೂಡಿದ್ದಾರೆ. ಆಗಿನ ಪಟ್ಟಿಯಲ್ಲಿ ಅವರ ಹೆಸರು ಎಲ್ಲಿಂದ ಬರಬೇಕು? 'ಊರು ಬಿಡಲ್ಲ' ಅಂತ ಎಲ್ಲರಿಗಿಂತ ಜೋರಾಗಿ ಕೂಗುವವರಲ್ಲಿ ಇಂಥವರು ಇರುತ್ತಾರೆ. ಹೊಸ ಊರಲ್ಲಿ ಅವರಿಗೆ ಮನೆಯೇ ಇಲ್ಲ. ತುಂಬಿದ ಸಭೆಯಲ್ಲಿ ನಿಂತು 'ನನಗೆ ಮನೆ ಇಲ್ಲ' ಅನ್ನಲು ಗಂಡಸರಿಗೆ ನಾಚಿಕೆ. ಅದಕ್ಕೆ ಬದಲು 'ಹಿರಿಯರ ಊರು ಬಿಡಲ್ಲ' ಅನ್ನುತ್ತಾರೆ. ಅವರ ಮನೆಯ ಪಡಸಾಲೆಯಲ್ಲಿ ಕೂತು ಕೇಳಿದರೆ ನಿಜವಾದ ಮಾತು ಹೊರಗೆ ಬರುತ್ತದೆ. ನಾನು ಮನೆ ಮನೆಗೆ ಹೋಗಿ ಅನ್ನುತ್ತಿರುವುದು ಇದಕ್ಕೇ.

ನಮ್ಮ ಹೊಳೆಸಾಲಿನಲ್ಲಿ ಜನ ಆಸರೆ ಮನೆಗೆ ಹೋಗದೇ ಇರಲು ಕಾರಣ ಒಂದಲ್ಲ. ಹೊಲ ದೂರ ಆಯಿತು. ಎತ್ತು, ಎಮ್ಮೆ ಕಟ್ಟಲು ಜಾಗ ಇಲ್ಲ. ಕಣಿಕೆಯ ಬಣವೆ ಒಟ್ಟಲು ಜಾಗ ಇಲ್ಲ. ಕುಡಿಯುವ ನೀರು, ಬಸ್ಸು ಸರಿ ಇಲ್ಲ. ಅಣ್ಣತಮ್ಮಂದಿರ ಮನೆಗಳು ಬೇರೆ ಬೇರೆ ಸಾಲಿಗೆ ಬಿದ್ದವು. ಸೇಂಗಾ ಒಣಹಾಕಲು ಅಂಗಳ ಇಲ್ಲ ಅಂತ ಹೇಳುವ ಹೆಣ್ಣುಮಕ್ಕಳಿದ್ದಾರೆ. ಹೊರಗಿನವರಿಗೆ ಇದು ಸಣ್ಣ ಮಾತು. ಒಕ್ಕಲುತನದ ಮನೆಗೆ ಇದು ವರ್ಷದ ಬಾಳುವೆ. ನಿಮ್ಮ ವಹಿಯಲ್ಲಿ ಇದೆಲ್ಲ ಬರೆದುಕೊಂಡರೆ 'ಎತ್ತಬೇಕಾ ಬೇಡ್ವಾ' ಎನ್ನುವ ಒಂದು ಗಂಟು ಹತ್ತು ಸಣ್ಣ ಗಂಟು ಆಗುತ್ತದೆ. ಸಣ್ಣದನ್ನು ಬಿಚ್ಚಬಹುದು.

ಆಮೇಲೆ ಓಣಿವಾರು ಕೂಡಿಸಿ. ಹೊಳೆಯ ಕಡೆಯ ಓಣಿ ಮೊದಲು. ಒಂದೊಂದು ಓಣಿಯವರೂ ತಮ್ಮ ಮಾತು ಹೇಳಲು ಇಬ್ಬರನ್ನು ಆರಿಸಲಿ, ಒಬ್ಬ ಗಂಡಸು, ಒಬ್ಬ ಹೆಂಗಸು. ದೊಡ್ಡ ಸಭೆ ಇದಾದ ಮೇಲೆ.

ದೊಡ್ಡ ಸಭೆಗೆ ಜಾಗ ಯಾವುದು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಗುಡಿಯ ಕಟ್ಟೆ ಎಲ್ಲರಿಗೂ ಮೊದಲು ನೆನಪಾಗುತ್ತದೆ. ದಲಿತ ಕೇರಿಯವರು ಆ ಕಟ್ಟೆಯ ಮೇಲೆ ಬಂದು ಎಲ್ಲರ ಸಮ ಕೂರುತ್ತಾರಾ? ಕೆಳಗೆ ನಿಲ್ಲುತ್ತಾರಾ? ನಿಲ್ಲುವವರು ಒಬ್ಬರಿದ್ದರೂ ಆ ಜಾಗ ಬೇಡ. ದೊಡ್ಡ ಗೌಡರ ವಾಡೆಯ ಅಂಗಳವೂ ಬೇಡ. ಶಾಲೆಯ ಅಂಗಳ ಒಳ್ಳೆಯದು. ಎಲ್ಲರಿಗೂ ಜಮಖಾನೆ ಹಾಸಿ. ಕುರ್ಚಿ ಮುದುಕರಿಗೆ, ಬಸುರಿಯರಿಗೆ ಮಾತ್ರ. ವೇದಿಕೆ, ಹಾರ, ಶಾಲು ಯಾವುದೂ ಬೇಡ. ಸನ್ಮಾನದಲ್ಲೇ ಒಂದು ತಾಸು ಹೋದರೆ ಕೂಲಿ ಬಿಟ್ಟು ಬಂದವರು ಎದ್ದು ಹೋಗುತ್ತಾರೆ.

ದಿನ ಆರಿಸುವಾಗಲೂ ಲಕ್ಷ್ಯ ಇರಲಿ. ನಮ್ಮ ಕಡೆ ಸೋಮವಾರ ಎತ್ತು ಹೂಡದವರು ಬಹಳ, ಅಮಾವಾಸ್ಯೆಗೂ ಹಾಗೇ. ಅಂಥ ದಿನ ನೋಡಿ. ಸಂತೆಯ ದಿನ ಬೇಡ. ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟ್ ಯಾವ ಹೊತ್ತಿಗೆ ಕೊಡುತ್ತಾರೆ ಅಂತ ಕೇಳಿಕೊಳ್ಳಿ, ಆ ಹೊತ್ತಲ್ಲಿ ಸಭೆ ಇಟ್ಟರೆ ನೀರು ಹಾಯಿಸುವವರು ಯಾರೂ ಬರಲ್ಲ. ಎಲ್ಲಕ್ಕಿಂತ ಮುಖ್ಯ, ಮಳೆಗಾಲಕ್ಕೆ ಮೊದಲೇ ಇದೆಲ್ಲ ಮುಗಿಯಲಿ. ಹೊಳೆ ಏರಿದಾಗ ಜೀವ, ಜಾನುವಾರು ಉಳಿಸುವ ಮಾತು ಬಿಟ್ಟು ಬೇರೆ ಮಾತು ಬೇಡವೇ ಬೇಡ.

ಸಭೆ ಶುರುವಾದಾಗ ಜಗಳ ಇಲ್ಲದ ಮಾತಿನಿಂದ ಹಿಡಿಯಿರಿ. ನೀರು ಎಲ್ಲಿತನಕ ಬಂದಿತ್ತು ಎನ್ನುವುದರಲ್ಲಿ ಎರಡು ಪಾರ್ಟಿ ಇರಲ್ಲ. ಗೋಡೆಯ ಮೇಲೆ ಗುರುತು ಇನ್ನೂ ಇರುತ್ತದೆ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬಿಡಿಸಿ. ಹೊಳೆ, ಓಣಿ, ಗುಡಿ, ಮಸೀದಿ, ಶಾಲೆ, ಹೊಸ ಊರು. ಯಾರ ಮನೆಗೆ ಎಷ್ಟು ನೀರು ಬಂತು ಅಂತ ಆ ಮನೆಯವರೇ ಬಂದು ಗುರುತು ಹಾಕಲಿ. ಓದು ಬರಹ ಬಾರದ ಮುದುಕಿಯೂ ಇಲ್ಲಿ ತಪ್ಪಿಲ್ಲದೆ ತೋರಿಸುತ್ತಾಳೆ. ಎಲ್ಲರೂ ಬಗ್ಗಿ ಒಂದೇ ನಕ್ಷೆ ನೋಡುವಾಗ ಧ್ವನಿ ತಾನಾಗಿ ಇಳಿಯುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾತಿನ ಸರದಿ ಹೊಳೆ ಕಡೆಯ ಓಣಿಯಿಂದ ಬರಲಿ. ಹೊಲ ಇಲ್ಲದವರು ಮೊದಲು, ದೊಡ್ಡ ರೈತರು ಕೊನೆಗೆ. ಎಲ್ಲರ ಒಂದು ಸುತ್ತು ಮುಗಿಯುವ ತನಕ ಯಾರಿಗೂ ಎರಡನೇ ಮಾತಿಲ್ಲ. ಈ ನಿಯಮವನ್ನು ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಸಭೆ ನಡೆಸುವವರು ನೀವಾಗಬಾರದು. ನೀವು ಓಟು ಕೇಳುವವರು, ಏನೇ ಹೇಳಿದರೂ ಒಂದು ಕಡೆಗೆ ಲೆಕ್ಕ ಹಾಕುತ್ತಾರೆ. ಪಕ್ಕದ ಊರಿನ ನಿವೃತ್ತ ಶಿಕ್ಷಕರು, ಹಿಂದೆ ನಿಮ್ಮ ಊರಲ್ಲಿ ಕೆಲಸ ಮಾಡಿ ಹೋದ ನರ್ಸಮ್ಮ, ಇಂಥವರನ್ನು ಕೇಳಿ.

ಮಠದ ಅಜ್ಜಾರನ್ನು ಕರೆಯಬೇಕಾ ಎನ್ನುವ ಮಾತು ನಿಮ್ಮ ಊರಲ್ಲೂ ಬರುತ್ತದೆ. ನನಗೆ ಮಠದ ಮೇಲೆ ಗೌರವ ಇದೆ. ಅವರು ಬಂದರೆ ಹೊಡೆದಾಟ ಆಗಲ್ಲ, ಅದು ನಿಜ. ಆದರೆ ಅವರ ಎದುರು ಜನ ಒಳಗಿನ ಮಾತೂ ಆಡಲ್ಲ. 'ಅಜ್ಜಾರು ಹೇಳಿದಂತೆ ಆಗಲಿ' ಅಂತ ಕೈ ಮುಗಿದು ಎದ್ದು, ಮನೆಗೆ ಹೋಗಿ ತಮ್ಮದೇ ನಡೆಸುತ್ತಾರೆ. ಮಾತೆಲ್ಲ ಮುಗಿದು ಒಪ್ಪಂದ ಆದ ದಿನ ಕರೆಯಿರಿ. ಅವರ ಎದುರು ಓದಿ ಹೇಳಿದ್ದನ್ನು ಮುರಿಯಲು ಜನ ಹಿಂಜರಿಯುತ್ತಾರೆ.

ಬರೆಯಲು ಇಬ್ಬರಿರಲಿ, ಎರಡೂ ಕಡೆಯಿಂದ ಒಬ್ಬೊಬ್ಬರು. ಏಳುವ ಮೊದಲು ಬರೆದದ್ದನ್ನು ಜೋರಾಗಿ ಓದಬೇಕು. ಒಪ್ಪದೇ ಇರುವ ಮಾತನ್ನೂ 'ಇದಕ್ಕೆ ಇವರು ಒಪ್ಪಿಲ್ಲ' ಅಂತಲೇ ಬರೆಯಬೇಕು. ಕೈ ಎತ್ತಿಸಿ ಓಟು ಹಾಕಿಸಬೇಡಿ. ಮೊದಲ ಸಭೆಯಲ್ಲಿ ತೀರ್ಮಾನವೂ ಬೇಡ. ಈ ವರ್ಷ ಹೊಳೆ ಬಂದರೆ ದನಗಳನ್ನು ಎಲ್ಲಿ ಕಟ್ಟಬೇಕು, ಯಾರ ಟ್ರ್ಯಾಕ್ಟರ್ ಮುದುಕರನ್ನು ಒಯ್ಯಬೇಕು, ಇಷ್ಟು ಒಪ್ಪಿದರೂ ಬಹಳ ಆಯಿತು. ಎರಡು ಪಾರ್ಟಿಯವರು ಕೂಡಿ ಒಪ್ಪಿದ ಮೊದಲ ಮಾತು ಅದು.

ಊರವರು ಕೂತು ಮಾಡಿದ ಒಪ್ಪಂದಕ್ಕೆ ಸರ್ಕಾರಿ ಕಾಗದದ ಬಲ ಇರಲ್ಲ. ಹಕ್ಕುಪತ್ರ, ಹೊಸ ಮನೆ, ದನದ ಕೊಟ್ಟಿಗೆ, ರಸ್ತೆ ಬೇಡಿಕೆಗಳನ್ನು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ ತಹಶೀಲ್ದಾರರಿಗೆ, ತಾಲೂಕು ಪಂಚಾಯಿತಿಗೆ ಕಳಿಸಿ. ಒಲೆ ಲೆಕ್ಕದ ನಿಮ್ಮ ವಹಿ ಅಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಾನು ಮುಧೋಳ ತಾಲೂಕಿನ ರೈತ, ವಯಸ್ಸು ಅರವತ್ತು ದಾಟಿದೆ. ಘಟಪ್ರಭಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇದೆ. ಹಿಡಕಲ್ ಡ್ಯಾಂನಿಂದ ನೀರು ಬಿಟ್ಟರೂ ನಮ್ಮ ತನಕ ಬರಲ್ಲ. ಮೇಲಿನವರು ಪಂಪ್ ಹಚ್ಚಿ ಎತ್ತುತ್ತಾರೆ. ಹೋದ ವರ್ಷ ಪೊಲೀಸ್ ಕೇಸು ಆಗಿದೆ. ಮೇಲಿನ ಊರವರ ಜೊತೆ ಮಾತಾಡಲು ಹೋದರೆ 'ನಿಮ್ಮ ಪುಣ್ಯಕ್ಕೆ ನೀರು ಬರಲ್ಲ ಬಿಡ್ರೀ' ಅಂತಾರೆ. ಇನ್ನು ಮಾತಿಗೆ ಜಾಗ ಇದೆಯಾ?

ಉತ್ತರ: ಕಾಕಾ, ಇದೆ. ಮೇಲಿನವರು ಹಾಗೆ ಯಾಕೆ ಅಂದರು ಅಂತ ಯೋಚಿಸಿದ್ದೀರಾ? ಅವರ ಹೊಲಗಳನ್ನು ಒಮ್ಮೆ ನೋಡಿ ಬನ್ನಿ. ನಮ್ಮದು ಎರೆ ಭೂಮಿ, ನೀರು ಬೇಗ ಇಂಗಲ್ಲ. ವರ್ಷವಿಡೀ ಕಬ್ಬು, ವರ್ಷವಿಡೀ ನೀರು. ಕೆಳಗಿನ ನೀರು ಬೇರಿನ ಮಟ್ಟಕ್ಕೆ ಏರಿ ಬರುತ್ತದೆ. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಹೊಲ ಬೆಳ್ಳಗೆ ಆಗುತ್ತದೆ. ಸವಳು ಜವಳು ಅನ್ನುತ್ತೇವಲ್ಲ, ಅದೇ. ಮೊದಲು ಕಬ್ಬಿನ ಇಳುವರಿ ಇಳಿಯುತ್ತದೆ, ಕೊನೆಗೆ ಜಾಲಿ ಮಾತ್ರ ಬೆಳೆಯುತ್ತದೆ. ಕೃಷ್ಣಾ, ಘಟಪ್ರಭಾ ನೀರಾವರಿಯಲ್ಲಿ ಇಂಥ ಹೊಲ ಎಷ್ಟು ಬೇಕಾದರೂ ಸಿಗುತ್ತವೆ. ನಿಮಗೆ ನೀರು ಇಲ್ಲದ ಸಂಕಟ, ಅವರಿಗೆ ನೀರು ಹೆಚ್ಚಾದ ಸಂಕಟ. ಅವರು ನಿಮ್ಮ ಹತ್ತಿರ ಅದನ್ನು ಹೇಳಿಕೊಳ್ಳುವುದಿಲ್ಲ, ಯಾಕಂದರೆ ಪಂಪ್ ಹಚ್ಚಿದವರು ಅವರೇ.

ಸವಳು ಹೊಲ ಸುಧಾರಿಸಬೇಕು ಅಂದರೆ ಬಸಿಗಾಲುವೆ ಬೇಕು. ಬಸಿದ ನೀರು ಎಲ್ಲಿಗೆ ಹೋಗಬೇಕು? ಇಳಿಜಾರು ನಿಮ್ಮ ಕಡೆಗೆ ಇದೆ. ಹಳ್ಳ ಸೇರಲು ಆ ನೀರು ಕೆಳಗಿನವರ ಹೊಲದ ಬದುವಿನ ಮೇಲೆಯೇ ದಾಟಬೇಕು. ನೀವು ಜಾಗ ಕೊಡದಿದ್ದರೆ ಅವರ ಬಸಿಗಾಲುವೆ ಅರ್ಧಕ್ಕೆ ನಿಲ್ಲುತ್ತದೆ. ಅವರು ಪಂಪ್ ನಿಲ್ಲಿಸದಿದ್ದರೆ ನಿಮ್ಮ ಹೊಲ ಒಣಗುತ್ತದೆ. ಇಬ್ಬರ ಕೈಯಲ್ಲೂ ಕೊಡಲು ಏನೋ ಇದೆ. ಬೇಡಿಕೊಳ್ಳಲು ಹೋಗಬೇಡಿ, ಕೊಟ್ಟು ತೆಗೆದುಕೊಳ್ಳುವ ಮಾತಿಗೆ ಹೋಗಿ.

ಅದನ್ನೂ ಕೋಣೆಯಲ್ಲಿ ಕೂತು ಮಾತಾಡಬೇಡಿ. ಎರಡೂ ಕಡೆಯಿಂದ ಐದೈದು ಜನ, ನಿಮ್ಮ ತೂಬಿನಿಂದ ಮೇಲಿನ ತೂಬಿನ ತನಕ ಕಾಲುವೆ ದಂಡೆಯ ಮೇಲೆ ಕೂಡಿ ನಡೆಯಿರಿ. ಎಲ್ಲಿ ಒಡೆದಿದೆ, ಎಲ್ಲಿ ಹೂಳು ತುಂಬಿದೆ, ಎಲ್ಲಿ ಪೈಪು ಇಳಿಸಿದ್ದಾರೆ ಎಲ್ಲ ಕಾಣುತ್ತದೆ. ನೀರು ಬಾರದೇ ಇರಲು ಪಂಪ್ ಒಂದೇ ಕಾರಣ ಇರಲಿಕ್ಕಿಲ್ಲ. ಹೂಳು, ಕಾಲುವೆಯಲ್ಲಿ ಬೆಳೆದ ಆಪು ಹುಲ್ಲು, ಒಡೆದ ಲೈನಿಂಗ್ ಕೂಡ ಇರುತ್ತವೆ. ಅವನ್ನು ಕೂಡಿ ತೆಗೆಸಬಹುದು. ನಡೆಯುವಾಗ ಯಾರ ಪೈಪು ಅಂತ ಹೆಸರು ಬರೆದುಕೊಳ್ಳಬೇಡಿ. ಬರೆದರೆ ಮರುದಿನ ಯಾರೂ ಬರಲ್ಲ.

ಮಾತು ನೀರಿನ ಪಾಳಿಗೆ ಬಂದಾಗ ಇಂಜಿನಿಯರರನ್ನು ಕರೆಯಿರಿ. ಅವರು ಭಾಷಣ ಮಾಡುವುದು ಬೇಡ. ಎಷ್ಟು ದಿನ ನೀರು, ಯಾವ ವಿತರಣಾ ಕಾಲುವೆಗೆ ಯಾವಾಗ, ಎಷ್ಟು ದಿನ ಬಂದ್, ಇಷ್ಟು ಮಾತ್ರ ಹೇಳಲಿ. ನೀರು ಬಳಕೆದಾರರ ಸಹಕಾರ ಸಂಘ ಇದ್ದರೆ ಪಾಳಿಯನ್ನು ಅದರ ವಹಿಯಲ್ಲಿ ಬರೆಸಿ. ಸಂಘ ಹೆಸರಿಗೆ ಮಾತ್ರ ಇದ್ದರೆ ಇದೇ ನೆಪದಲ್ಲಿ ಅದನ್ನು ಎಬ್ಬಿಸಿ. ಕಾಲುವೆಯಿಂದ ಅನುಮತಿ ಇಲ್ಲದೆ ನೀರು ಎತ್ತುವುದು 1965ರ ಕರ್ನಾಟಕ ನೀರಾವರಿ ಕಾಯ್ದೆಯಲ್ಲಿ ಅಪರಾಧ. ಅದು ಅವರಿಗೂ ಗೊತ್ತು, ಮೊದಲ ದಿನವೇ ನೀವು ಅದನ್ನು ಎತ್ತಿ ಹೇಳಬೇಕಾಗಿಲ್ಲ. ಹಳೆಯ ಕೇಸಿನ ಬಗ್ಗೆ ವಕೀಲರ ಹತ್ತಿರ ಬೇರೆಯೇ ಮಾತಾಡಿ. ಕೇಸು ವಾಪಸ್ ತೆಗೆದರೆ ಮಾತ್ರ ಮಾತು ಅಂತ ಯಾವ ಕಡೆಯವರೂ ಷರತ್ತು ಹಾಕದಿರಲಿ.

ಪ್ರಶ್ನೆ: ಅಕ್ಕಾ, ಇಂಡಿ ತಾಲೂಕಿನ ಸ್ವಸಹಾಯ ಸಂಘದ ಸದಸ್ಯೆ ನಾನು. ನಮ್ಮ ಊರಲ್ಲಿ ಕಿರಾಣಿ ಅಂಗಡಿ, ಪಾನ್ ಅಂಗಡಿಯಲ್ಲೆಲ್ಲ ಸಾರಾಯಿ ಪಾಕೀಟು ಸಿಗುತ್ತದೆ. ಶಾಲೆ ಹುಡುಗರೂ ಕಲಿತಿದ್ದಾರೆ. ಗ್ರಾಮಸಭೆಯಲ್ಲಿ ಎದ್ದು ಹೇಳಬೇಕು ಅಂದರೆ ಗಂಡ, ಮೈದುನ ಎಲ್ಲ ಅಲ್ಲೇ ಇರುತ್ತಾರೆ. 'ನಮ್ಮ ಮಾತು ಯಾರ ಕೇಳ್ತಾರ್ರೀ' ಅಂತ ಹೆಣ್ಣುಮಕ್ಕಳು ಸುಮ್ನೆ ಕೂರುತ್ತಾರೆ.

ಉತ್ತರ: ತಂಗಿ, ಗ್ರಾಮಸಭೆಯಲ್ಲಿ ಮೊದಲ ಸಲ ಬಾಯಿ ಬಿಡುವುದು ಯಾರಿಗೂ ಆಗಲ್ಲ. ಅದಕ್ಕೆ ಮೊದಲು ನೀವು ನೀವೇ ಕೂಡಿ. ಮಧ್ಯಾಹ್ನ ಊಟದ ಕೆಲಸ ಮುಗಿದ ಮೇಲೆ, ಸಂಜೆಯ ಹಾಲು ಹಿಂಡುವ ಹೊತ್ತಿಗೆ ಮೊದಲು. ಮಕ್ಕಳು ಮನೆಗೆ ಹೋದ ಮೇಲೆ ಅಂಗನವಾಡಿ ಖಾಲಿ ಇರುತ್ತದೆ, ಕಾರ್ಯಕರ್ತೆಯನ್ನು ಕೇಳಿ ಅಲ್ಲೇ ಸೇರಿ. ಸಂಘದ ಉಳಿತಾಯದ ದಿನವೇ ಇಟ್ಟರೆ ಮನೆಯಲ್ಲಿ ಯಾರೂ 'ಎಲ್ಲಿಗೆ' ಅಂತ ಕೇಳಲ್ಲ. ಸಂಘಕ್ಕೆ ಸೇರದ ಹೆಣ್ಣುಮಕ್ಕಳನ್ನೂ ಕರೆಯಿರಿ. ಬಹಳ ಕಷ್ಟದಲ್ಲಿ ಇರುವವರು ಸಂಘದ ಹೊರಗೇ ಇರುತ್ತಾರೆ.

ಯಾರ ಗಂಡ ಕುಡಿಯುತ್ತಾನೆ ಎನ್ನುವ ಮಾತು ಅಲ್ಲಿ ಬೇಡ. ಆ ಮಾತು ಬಂದರೆ ಅರ್ಧ ಜನ ತಲೆ ತಗ್ಗಿಸಿ ಹೊರಟು ಹೋಗುತ್ತಾರೆ. ಎಲ್ಲಿ ಸಿಗುತ್ತದೆ, ಎಷ್ಟು ಹೊತ್ತಿಗೆ ತೆರೆಯುತ್ತಾರೆ, ಪಾಕೀಟಿಗೆ ಎಷ್ಟು ರೊಕ್ಕ, ಶಾಲೆಯ ಹಿಂದೆ ಖಾಲಿ ಪಾಕೀಟು ಎಷ್ಟು ಬಿದ್ದಿವೆ, ಇದನ್ನೇ ಬರೆಯಿರಿ. ಮನೆಯೊಳಗಿನ ಹೊಡೆತ, ಬಡಿತದ ಮಾತು ಯಾರಾದರೂ ಒಬ್ಬಳು ಹೇಳಿಕೊಂಡರೆ ಅದನ್ನು ಸಭೆಗೆ ತರಬೇಡಿ. ಅವಳ ಜೊತೆ ಬೇರೆಯೇ ಕೂತು ಕೇಳಿ. 181 ಮಹಿಳಾ ಸಹಾಯವಾಣಿ ಇದೆ, ಅದನ್ನು ಅವಳಿಗೆ ತಿಳಿಸಿ.

ಇನ್ನೊಂದು ಮಾತು ನಿಮಗೆ ಕಷ್ಟ ಅನ್ನಿಸಬಹುದು. ಪಾಕೀಟು ಮಾರುವವರಲ್ಲಿ ಗಂಡ ಸತ್ತ ಹೆಣ್ಣುಮಗಳೂ ಇರಬಹುದು. ಅವಳಿಗೆ ಬೇರೆ ದುಡಿಮೆ ಇಲ್ಲದೇ ಇರಬಹುದು. ಸಭೆಗೆ ಮೊದಲು ಇಬ್ಬರು ಅವಳ ಮನೆಗೆ ಹೋಗಿ ಮಾತಾಡಿ. ಸಂಘದ ಸಾಲದಲ್ಲಿ ಒಂದು ಎಮ್ಮೆಯೋ, ರೊಟ್ಟಿ ಮಾಡುವ ಕೆಲಸವೋ ಆಗುತ್ತದಾ ನೋಡಿ. ಅವಳು ಬಿಟ್ಟರೆ ದೊಡ್ಡ ಅಂಗಡಿಯವನ ಬಾಯಿಂದ 'ಎಲ್ಲರೂ ಮಾರುತ್ತಾರೆ' ಎನ್ನುವ ಮಾತು ಹೋಗುತ್ತದೆ.

ದೂರು ಅಬಕಾರಿ ಇಲಾಖೆಗೂ ಪೊಲೀಸ್ ಠಾಣೆಗೂ ಎರಡೂ ಕಡೆ ಕೊಡಿ. ಸಹಿಯನ್ನು ಒಂದರ ಕೆಳಗೆ ಒಂದು ಹಾಕಬೇಡಿ. ಕಾಗದದ ಮೇಲೆ ಬಳೆ ಇಟ್ಟು ಗೆರೆ ಎಳೆದು ಅದರ ಸುತ್ತ ಸಹಿ, ಹೆಬ್ಬೆಟ್ಟು ಹಾಕಿ. ಮೊದಲ ಸಹಿ ಯಾರದು ಅಂತ ಯಾರಿಗೂ ಹೇಳಲು ಬರಲ್ಲ. ಕೊಡಲು ಹೋಗುವಾಗ ಒಬ್ಬಿಬ್ಬರು ಹೋಗದೆ ಗುಂಪಾಗಿ ಹೋಗಿ, ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಿ. ಗ್ರಾಮಸಭೆಗೆ ಮೊದಲು ಮಹಿಳಾ ಗ್ರಾಮಸಭೆ ನಡೆಸಬೇಕು ಅಂತ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರೆದು ಕೊಡಿ. ಅಲ್ಲಿ ಠರಾವು ಆದರೆ ದೊಡ್ಡ ಸಭೆಯಲ್ಲಿ ನೀವು ಹೊಸದಾಗಿ ಏನೂ ಹೇಳಬೇಕಿಲ್ಲ, ಬರೆದದ್ದನ್ನು ಓದಿದರೆ ಸಾಕು. ಓದಲು ಎದ್ದವಳ ಹಿಂದೆ ಉಳಿದವರೆಲ್ಲ ಎದ್ದು ನಿಲ್ಲಿ.

ಪ್ರಶ್ನೆ: ನಮ್ಮ ಊರಲ್ಲಿ ಕಟಿಂಗ್ ಅಂಗಡಿಯಲ್ಲಿ ದಲಿತರಿಗೆ ಕಟಿಂಗ್ ಮಾಡಲ್ಲ. ನಾವು ಕೆಲವು ಯುವಕರು ಇದನ್ನು ಊರ ಸಭೆಯಲ್ಲಿಟ್ಟು ಎಲ್ಲರ ಒಪ್ಪಿಗೆ ತೆಗೆದುಕೊಳ್ಳಬೇಕು ಅಂತ ಇದ್ದೇವೆ. ಸಭೆ ಹೇಗೆ ನಡೆಸಬೇಕು? (ಬೆಳಗಾವಿ ಜಿಲ್ಲೆ, ತಾಲೂಕು ಹಾಕಬೇಡಿ.)

ಉತ್ತರ: ನಡೆಸಬೇಡಿ. ನಿಮ್ಮ ಮನಸ್ಸು ಒಳ್ಳೆಯದು, ದಾರಿ ಸರಿ ಇಲ್ಲ. ಇದಕ್ಕೆ ಊರಿನ ಒಪ್ಪಿಗೆ ಯಾಕೆ ಬೇಕು? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ನೀವು ಸಭೆ ಕರೆದು 'ಮಾಡಬಹುದಾ' ಅಂತ ಕೇಳಿದರೆ 'ಬೇಡ' ಎನ್ನುವ ಅಧಿಕಾರವನ್ನೂ ಊರಿಗೆ ಕೊಟ್ಟ ಹಾಗೆ. ಅದು ಯಾರಿಗೂ ಇಲ್ಲ. ಬಾಲ್ಯವಿವಾಹದ ವಿಷಯದಲ್ಲೂ ಇದೇ ಮಾತು. ಹುಡುಗಿಗೆ 18 ಆಗಿಲ್ಲ ಅಂದರೆ ಹಿರಿಯರನ್ನು ಕೂಡಿಸಿ ಪಂಚಾಯಿತಿ ಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಿಮ್ಮ ಊರಲ್ಲಿ ಮಾತಾಡಬೇಕಾದ್ದು ಬೇರೆ ಇದೆ. ಮೊದಲು ಕೇರಿಗೆ ಹೋಗಿ ಅಲ್ಲಿಯವರನ್ನು ಕೇಳಿ. ಅವರಿಗೆ ಏನು ಬೇಕು, ಯಾವಾಗ ಬೇಕು, ಆಮೇಲೆ ಕೂಲಿ ತಪ್ಪಿಸಿದರೆ, ಕಿರಾಣಿ ಕೊಡದಿದ್ದರೆ ಏನು ಮಾಡಬೇಕು. ಮುಂದೆ ನಿಲ್ಲುವ ತೀರ್ಮಾನ ಅವರದ್ದೇ ಆಗಬೇಕು, ನೀವು ಜೊತೆಗೆ ನಿಲ್ಲುವವರು. ಆಮೇಲೆ ಕಟಿಂಗ್ ಅಂಗಡಿಯವರ ಮನೆಗೆ ಹೋಗಿ. ಅವರದ್ದೂ ಊರಲ್ಲಿ ಒಂದೆರಡು ಮನೆ ಇರಬಹುದು. ದೊಡ್ಡವರು ಬರುವುದು ಬಿಟ್ಟರೆ ಹೊಟ್ಟೆಗೇನು ಎನ್ನುವ ಹೆದರಿಕೆ ಅವರಿಗೆ. ನಿಮ್ಮ ಓಣಿಯ ಯುವಕರೆಲ್ಲ ಅದೇ ಅಂಗಡಿಗೆ, ಅದೇ ದಿನ, ಕೇರಿಯ ಗೆಳೆಯರ ಜೊತೆ ಹೋಗಿ ಸರದಿಯಲ್ಲಿ ಕೂರಬಹುದು. ಸಮಾಜ ಕಲ್ಯಾಣ ಇಲಾಖೆಯ ತಾಲೂಕು ಅಧಿಕಾರಿಗೆ ಮೊದಲೇ ತಿಳಿಸಿ. ದೌರ್ಜನ್ಯದ ದೂರು ಹೇಳುವ 14566 ಸಹಾಯವಾಣಿಯ ನಂಬರನ್ನು ಕೇರಿಯ ಪ್ರತಿ ಮನೆಯ ಮೊಬೈಲಿನಲ್ಲೂ ಹಾಕಿಕೊಡಿ.

ಪ್ರಶ್ನೆ: ಗೋಕಾಕ ತಾಲೂಕಿನ ನಮ್ಮ ಪಂಚಾಯಿತಿಯಲ್ಲಿ ಗ್ರಾಮಸಭೆ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಇಪ್ಪತ್ತು ಜನರೂ ಇರಲ್ಲ. ಆಮೇಲೆ ಸಹಿ ಮಾತ್ರ ಮನೆ ಮನೆಗೆ ಬಂದು ಹಾಕಿಸುತ್ತಾರೆ. ಇದು ನಡೆಯುತ್ತದಾ?

ಉತ್ತರ: ನಡೆಯಬಾರದು. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಇರಲೇಬೇಕಾದ ಜನ, ಒಟ್ಟು ಸದಸ್ಯರಲ್ಲಿ ಶೇ. 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಸದಸ್ಯರು ಅಂದರೆ ಮತದಾರರ ಪಟ್ಟಿಯಲ್ಲಿ ಇರುವ ಎಲ್ಲರೂ. ಬಂದವರಲ್ಲಿ ಶೇ. 30ರಷ್ಟು ಹೆಣ್ಣುಮಕ್ಕಳು ಇರಬೇಕು. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಆಗಬೇಕು, ಅದಕ್ಕೆ ಮೊದಲು ವಾರ್ಡ್ ಸಭೆ ಆಗಬೇಕು. ಮನೆಗೆ ಬಂದು ಕೇಳಿದರೆ ಸಹಿ ಹಾಕಬೇಡಿ, ಇಷ್ಟು ನಿಮ್ಮ ಕೈಯಲ್ಲೇ ಇದೆ. ಹೋದ ಸಭೆಯ ನಡಾವಳಿ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ನಿಮ್ಮ ಊರಿನ ಒಂದು ಗಟ್ಟಿ ವಿಷಯಕ್ಕೆ ಸಭೆ ಬೇಕು ಅಂದರೆ ಶೇ. 10 ಸದಸ್ಯರು ವಿಷಯ ಬರೆದು ಸಹಿ ಹಾಕಿ ವಿಶೇಷ ಗ್ರಾಮಸಭೆ ಕೇಳಬಹುದು. ಆ ಸಹಿಗೆ ಮನೆ ಮನೆಗೆ ಹೋದಾಗಲೇ ಅರ್ಧ ಚರ್ಚೆ ಆಗಿರುತ್ತದೆ.

ಪ್ರಶ್ನೆ: ಖಾನಾಪುರ ತಾಲೂಕು, ಭೀಮಗಡ ಅಭಯಾರಣ್ಯದ ಒಳಗಿನ ಒಂದು ಸಣ್ಣ ಊರು (ಗಾವಠಾಣ) ನಮ್ಮದು. ಪರಿಹಾರ ತೆಗೆದುಕೊಂಡು ಕಾಡು ಬಿಟ್ಟು ಹೊರಗೆ ಬರಬೇಕು ಎನ್ನುವವರು ಯುವಕರು, ಬೇಡ ಎನ್ನುವವರು ಹಿರಿಯರು. ಮನೆಯಲ್ಲಿ ಎಲ್ಲರದ್ದೂ ಮರಾಠಿ. ಕಾಗದ ಎಲ್ಲ ಕನ್ನಡದಲ್ಲಿ. ಸಭೆ ಯಾವ ಭಾಷೆಯಲ್ಲಿ?

ಉತ್ತರ: ಮನೆಯಲ್ಲಿ ಆಡುವ ಭಾಷೆಯಲ್ಲೇ. ಮುದುಕರಿಗೆ ತಮ್ಮ ಸಂಕಟ ಹೇಳಲು ಬರುವುದು ಅದರಲ್ಲೇ. ಕನ್ನಡದಲ್ಲಿ ಬರೆದು, ಸಹಿಗೆ ಮೊದಲು ಎರಡೂ ಭಾಷೆಯಲ್ಲಿ ಓದಿ ಹೇಳಿ. ಕನ್ನಡ ಓದಲು ಬರುವ ನಿಮ್ಮ ಊರಿನದೇ ಹುಡುಗಿ ಒಬ್ಬಳು ಓದಲಿ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ನಿಮ್ಮ ಹಕ್ಕುಗಳ ಅರ್ಜಿ ಮೊದಲು ತೀರ್ಮಾನ ಆಗಬೇಕು, ಎಬ್ಬಿಸಲು ಗ್ರಾಮಸಭೆಯ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆ ಬೇಕು. ಪರಿಹಾರದ ರೊಕ್ಕ ಯಾರ ಹೆಸರಿಗೆ ಬರುತ್ತದೆ, ಹೆಂಡತಿಯ ಹೆಸರೂ ಇರುತ್ತದಾ, ಎಷ್ಟು ಕಂತು, ಹೊರಗೆ ಜಾಗ ಎಲ್ಲಿ, ದನಗಳ ಗತಿ ಏನು, ಇದನ್ನೆಲ್ಲ ಬರಹದಲ್ಲಿ ತರಿಸಿ ಆಮೇಲೆ ಕೂಡಿ. ಯುವಕರು ಶಾಲೆ, ಆಸ್ಪತ್ರೆ, ಮಳೆಗಾಲದ ರಸ್ತೆಯ ಮಾತು ಆಡುತ್ತಾರೆ, ಹಿರಿಯರು ದೇವರು, ದನ, ಸ್ಮಶಾನದ ಮಾತು ಆಡುತ್ತಾರೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ. ಹೋಗುವ ಮನೆ, ಉಳಿಯುವ ಮನೆ ಎರಡೂ ಇದ್ದರೆ ಉಳಿಯುವವರಿಗೆ ರಸ್ತೆ, ಬೆಳಕು, ರೇಷನ್ ಹೇಗೆ ಅಂತಲೂ ಅದೇ ದಿನ ಕೇಳಿ.

ಪ್ರಶ್ನೆ: ಅಕ್ಕಾ, ಸಭೆಯ ಚಹಾ, ನಾಷ್ಟಾ ಖರ್ಚು ಕೊಡುತ್ತೇನೆ ಅಂತ ಊರಿನ ಗುತ್ತಿಗೆದಾರರೊಬ್ಬರು ಮುಂದೆ ಬಂದಿದ್ದಾರೆ. ತೆಗೆದುಕೊಳ್ಳಬಹುದಾ? (ಸಿಂದಗಿ)

ಉತ್ತರ: ಬೇಡ. ನಾಳೆ ರಸ್ತೆಯ ಮಾತೋ, ಕೆರೆಯ ಮಾತೋ ಬಂದಾಗ ಅವರ ಚಹಾ ಕುಡಿದವರ ಬಾಯಿ ಕಟ್ಟಿದಂತೆ ಆಗುತ್ತದೆ. ಓಣಿಗೆ ಒಬ್ಬರು ಹಾಲು ತರಲಿ, ಒಬ್ಬರು ಸಕ್ಕರೆ ತರಲಿ, ಚುರುಮುರಿಗೆ ಹತ್ತು ಹತ್ತು ರೂಪಾಯಿ ಕೂಡಿಸಿ. ಕೇರಿಯಿಂದ ಬಂದ ಹಾಲನ್ನೂ ಅದೇ ಪಾತ್ರೆಗೆ ಹಾಕಿ ಕಾಸಬೇಕು, ಎಲ್ಲರಿಗೂ ಒಂದೇ ತರಹದ ಕಪ್ಪು, ಬಡಿಸುವವರು ಎಲ್ಲ ಓಣಿಯಿಂದಲೂ ಇರಬೇಕು. ಇದನ್ನು ಮೊದಲೇ ಮಾತಾಡಿ ಗಟ್ಟಿ ಮಾಡಿಕೊಳ್ಳಿ, ಅಲ್ಲೇ ಯಾರಾದರೂ ಮುಖ ತಿರುಗಿಸಿದರೆ ಚಹಾ ಬಿಟ್ಟು ಬರೀ ನೀರು ಇಡಬೇಡಿ, ಚಹಾ ಕೊಡಲೇಬೇಕು. ಖರ್ಚಿನ ಲೆಕ್ಕವನ್ನು ಸಭೆಯ ವಹಿಯ ಕೊನೆಯ ಪುಟದಲ್ಲಿ ಬರೆದು ಹಾಲಿನ ಡೇರಿಯ ಗೋಡೆಗೆ ಒಂದು ಪ್ರತಿ ಅಂಟಿಸಿ.